ಊರಿನ ಯುವತಿಯರಿಗಾಗಿ ಮನೋಬಲದ ಗುಂಪು ಕಟ್ಟುವುದು ಹೇಗೆ? ಮಂಡ್ಯ, ಮೈಸೂರು ಭಾಗದವರಿಗೆ ಒಂದು ಮಾರ್ಗದರ್ಶಿ

ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು, ಸ್ತ್ರೀಶಕ್ತಿ ಸಂಘದವರು, ಡಿಗ್ರಿ ಮುಗಿಸಿ ಊರಿಗೆ ಮರಳಿದ ಹುಡುಗಿಯರು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಾರೆ: "ನಮ್ಮೂರಲ್ಲಿ ವಯಸ್ಸಿನ ಹುಡುಗಿಯರು ಒಳಗೊಳಗೇ ಕೊರಗ್ತಿದ್ದಾರೆ. ನಾವು ಡಾಕ್ಟರಲ್ಲ. ನಮ್ಮ ಕೈಲಿ ಏನಾಗುತ್ತೆ?"

ಆಗುವುದು ಸಾಕಷ್ಟಿದೆ. ಹನ್ನೆರಡು ಹದಿನೈದು ಹುಡುಗಿಯರು ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ತಮಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಅಕ್ಕನ ಜೊತೆ ನಾಲ್ಕು ತಿಂಗಳು ತಪ್ಪದೆ ಕೂತರೆ ಅವರ ಮನಸ್ಸಿನಲ್ಲೂ ಬದುಕಿನಲ್ಲೂ ಕಾಣುವಂಥ ಬದಲಾವಣೆ ಬರುತ್ತದೆ. ಅದಕ್ಕೆ ದೊಡ್ಡ ಹಣ ಬೇಕಿಲ್ಲ. ಸಿದ್ಧತೆ ಮಾತ್ರ ಗಟ್ಟಿಯಾಗಿರಬೇಕು.

ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಿಬಿಡುತ್ತೇವೆ. "ಹೊಂದಿಕೊಂಡು ಹೋಗಮ್ಮ, ಹೆಣ್ಣಿಗೆ ಸಹನೆ ಇರಬೇಕು" ಎಂಬ ಬುದ್ಧಿವಾದ ಈ ಹುಡುಗಿಯರಿಗೆ ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ. ಅದನ್ನೇ ಹೊಸ ಹೆಸರಿನಲ್ಲಿ ಹೇಳುವುದಾದರೆ ಗುಂಪು ಕಟ್ಟಲೇಬೇಡಿ. ಕಷ್ಟ ಬಂದಾಗ ತಲೆ ಕೆಡದಂತೆ ಯೋಚಿಸುವುದು, ಯಾರನ್ನು ಕೇಳಬೇಕೆಂದು ತಿಳಿದಿರುವುದು, ತನಗಾಗುತ್ತಿರುವುದು ಅನ್ಯಾಯವಾದರೆ ಅದನ್ನು ಅನ್ಯಾಯವೆಂದೇ ಗುರುತಿಸುವುದು, ಇವನ್ನು ನಾವು ಮನೋಬಲ ಎನ್ನುತ್ತೇವೆ.

ಯಾರಿಗಾಗಿ? 15ರಿಂದ 24 ವಯಸ್ಸಿನೊಳಗಿನವರಿಗೆ. ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಓದು ನಿಂತವರು, ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರು, ಗದ್ದೆ ಕೂಲಿಗೆ ಹೋಗುವವರು, ಮೈಸೂರಿನ ಬಡಾವಣೆಗಳಲ್ಲಿ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವವರು, ಎಚ್.ಡಿ. ಕೋಟೆ, ಹುಣಸೂರಿನ ಆದಿವಾಸಿ ಹಾಡಿಗಳ ಹುಡುಗಿಯರು, ಮದುವೆಯಾಗಿ ಗುರುತು ಪರಿಚಯವಿಲ್ಲದ ಊರಿಗೆ ಬಂದ ಎಳೆ ಸೊಸೆಯಂದಿರು. 15–17ರವರನ್ನು ಮತ್ತು 18 ದಾಟಿದವರನ್ನು ಬೇರೆ ಬೇರೆ ಗುಂಪು ಮಾಡಿ. ಹದಿನೈದರ ಹುಡುಗಿ ಮತ್ತು ಮಗುವಿನ ತಾಯಿ ಒಟ್ಟಿಗೆ ಕೂತರೆ ಇಬ್ಬರೂ ಬಾಯಿ ಬಿಡುವುದಿಲ್ಲ.

ಬೇಕಾಗುವ ಸಾಮಾನು

ಎರಡು ದೊಡ್ಡ ಜಮಖಾನ, ಸುಮಾರು 40 ಚಾರ್ಟ್ ಹಾಳೆ, ಎರಡು ಡಬ್ಬಿ ಸ್ಕೆಚ್ ಪೆನ್ನು, ಪ್ರತಿಯೊಬ್ಬರಿಗೂ 100 ಪುಟದ ನೋಟ್‌ಬುಕ್, ಬೀಗ ಹಾಕುವ ಒಂದು ಪೆಟ್ಟಿಗೆ, ಪ್ರತಿ ವಾರ ಟೀ, ಕಡ್ಲೆಪುರಿಗೆ ಆಗುವಷ್ಟು ದುಡ್ಡು. ಪೆಟ್ಟಿಗೆ ಯಾಕೆಂದರೆ ಆ ನೋಟ್‌ಬುಕ್‌ಗಳು ಮನೆಗೆ ಹೋಗಬಾರದು. ಅಣ್ಣನೋ ಅತ್ತೆಯೋ ಒಂದು ಪುಟ ಓದಿದರೆ ಆ ಹುಡುಗಿ ಮತ್ತೆ ಗುಂಪಿಗೆ ಬರುವುದಿಲ್ಲ.

ಹಂತ 1: ಗುಂಪಿಗೂ ಮೊದಲು ಆಸ್ಪತ್ರೆಯ ದಾರಿ

ಬಹಳ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೂರನೇ ವಾರಕ್ಕೇ ಒಬ್ಬಳು "ಬದುಕೇ ಬೇಡ ಅನ್ನಿಸುತ್ತೆ" ಎಂದಾಗ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಾಗದೆ ಕೈ ಕೈ ಹಿಸುಕಿಕೊಳ್ಳುತ್ತಾರೆ. ಹಾಗಾಗಿ ಮೊದಲ ಸಭೆಗೆ ಹದಿನೈದು ದಿನ ಮುಂಚೆಯೇ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದಿಟ್ಟುಕೊಳ್ಳಿ:

ಟೆಲಿ ಮನಸ್ 14416. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಹಿಳಾ ಸಹಾಯವಾಣಿ 181. ಮಕ್ಕಳ ಸಹಾಯವಾಣಿ 1098. ತುರ್ತಿಗೆ 112. ಉಚಿತ ಕಾನೂನು ನೆರವಿಗೆ 15100.

ಇದರ ಕೆಳಗೆ ನಿಮ್ಮ ಊರಿನ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿ, ಜಿಲ್ಲೆಯ ಸಖಿ ಕೇಂದ್ರ (ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ಚಿಕಿತ್ಸೆ, ಕಾನೂನು ಸಲಹೆ, ತಾತ್ಕಾಲಿಕ ಆಶ್ರಯ ಒಂದೇ ಕಡೆ ಸಿಗುವ ಸರ್ಕಾರಿ ಕೇಂದ್ರ), ಇವರ ನಂಬರುಗಳು.

ಆಮೇಲೆ ನೀವೇ ಒಂದು ಸಲ ಹೋಗಿ ಬನ್ನಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ನೋಡುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ಕೇಳಿ ಬರೆದುಕೊಳ್ಳಿ. ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಎರಡರಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಓಪಿಡಿ ಚೀಟಿ ಎಲ್ಲಿ ಬರೆಸಬೇಕು, ಎಷ್ಟೊತ್ತಿಗೆ ಮುಚ್ಚುತ್ತದೆ, ಯಾವ ಕೋಣೆ, ಔಷಧಿ ಯಾವ ಕಿಟಕಿಯಲ್ಲಿ, ಇದೆಲ್ಲ ನೋಡಿಕೊಂಡು ಬನ್ನಿ. ಹೆದರಿದ ಹುಡುಗಿಯನ್ನು ಕರೆದುಕೊಂಡು ಹೋದಾಗ ನೀವೇ ಕಾರಿಡಾರಿನಲ್ಲಿ ದಾರಿ ಕೇಳುತ್ತ ಅಲೆದರೆ ಅವಳು ಅರ್ಧಕ್ಕೇ ವಾಪಸ್ ಹೊರಡುತ್ತಾಳೆ. ಬಸ್ಸಿನ ಖರ್ಚಿನ ಚಿಂತೆಯಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ.

ಹಂತ 2: ಗುಂಪು ನಡೆಸುವ ಅಕ್ಕ ಯಾರು?

ವಯಸ್ಸು 22ರಿಂದ 30. ಅದೇ ಊರಿನವಳು ಅಥವಾ ಪಕ್ಕದ ಊರಿನವಳು. ಓದು ಎಸ್ಸೆಸ್ಸೆಲ್ಸಿ ಆಗಿದ್ದರೂ ಸಾಕು. ಬೇರೆಯವರು ಮಾತಾಡುವಾಗ ಬಾಯಿ ಮುಚ್ಚಿ ಕೇಳುವ ಗುಣ ಮುಖ್ಯ. ಚೆನ್ನಾಗಿ ಭಾಷಣ ಮಾಡುವವಳನ್ನು ಆರಿಸಿಕೊಂಡು ಪರದಾಡಿದ ಗುಂಪುಗಳು ಬಹಳ.

ಒಬ್ಬರಲ್ಲ, ಇಬ್ಬರು ಬೇಕು. ಒಬ್ಬಳು ಅಳುವ ಹುಡುಗಿಯನ್ನು ಹೊರಗೆ ಕರೆದುಕೊಂಡು ಹೋದಾಗ ಇನ್ನೊಬ್ಬಳು ಗುಂಪು ನೋಡಿಕೊಳ್ಳಬೇಕು. ಆ ಇಬ್ಬರೂ ಒಂದೇ ಕೇರಿಯವರಾಗಬಾರದು. ನಮ್ಮ ಹಳ್ಳಿಗಳಲ್ಲಿ ಯಾರು ಯಾರ ಮನೆಯೊಳಗೆ ಹೋಗಬಹುದು ಎಂಬ ಲೆಕ್ಕ ಇನ್ನೂ ಇದೆ. ಅದನ್ನು ಕಂಡೂ ಕಾಣದಂತೆ ಮುಂದೆ ಹೋದರೆ ಒಂದೇ ಜಾತಿಯ ಹುಡುಗಿಯರ ಗುಂಪಾಗಿ ನಿಲ್ಲುತ್ತದೆ. ಬಡ್ಡಿ ಸಾಲ ಕೊಡುವವರ ಮನೆಯವಳು, ಹುಡುಗಿಯರು ಕೂಲಿಗೆ ಹೋಗುವ ಜಮೀನಿನ ಮಾಲೀಕರ ಮಗಳು, ಫ್ಯಾಕ್ಟರಿಯ ಸೂಪರ್‌ವೈಸರ್, ಇವರು ಬೇಡ. ಎಷ್ಟೇ ಒಳ್ಳೆಯವರಿರಲಿ, ಅವರ ಮುಂದೆ ಯಾರೂ ನಿಜ ಹೇಳುವುದಿಲ್ಲ.

ಇಬ್ಬರಿಗೂ ಕನಿಷ್ಠ ಐದಾರು ದಿನದ ತರಬೇತಿ ಕೊಡಿ. ಅದರಲ್ಲಿ ಅರ್ಧ ಸಮಯ ಕೇಳಿಸಿಕೊಳ್ಳುವ ಅಭ್ಯಾಸಕ್ಕೇ ಮೀಸಲು: ಒಬ್ಬಳು ಐದು ನಿಮಿಷ ತನ್ನ ಕಷ್ಟ ಹೇಳುತ್ತಾಳೆ, ಇನ್ನೊಬ್ಬಳು ಸಲಹೆ ಕೊಡದೆ, "ನನಗೂ ಹಂಗೇ ಆಗಿತ್ತು" ಎನ್ನದೆ ಕೇಳಿ, ಕೊನೆಗೆ ಕೇಳಿದ್ದನ್ನು ಎರಡು ವಾಕ್ಯದಲ್ಲಿ ತಿರುಗಿ ಹೇಳಬೇಕು. ಸುಲಭ ಅನ್ನಿಸುತ್ತದೆ, ಮಾಡಿ ನೋಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯಲ್ಲಿ ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು ಇರುತ್ತಾರೆ. ತರಬೇತಿಗೆ ಒಂದು ದಿನವಾದರೂ ಅವರನ್ನು ಕರೆಸಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಅಕ್ಕಂದಿರ ಜೊತೆ ಮಾತಾಡಲು ಒಪ್ಪಿಸಿ. ಅಕ್ಕಂದಿರಿಗೆ ಗೌರವಧನ ಕೊಡಲೇಬೇಕು. ಸೇವೆ ಎಂದು ಬಿಟ್ಟಿ ದುಡಿಸಿದರೆ ಎರಡನೇ ತಿಂಗಳಿಗೆ ಅವಳೂ ಕೂಲಿಗೆ ಹೋಗುತ್ತಾಳೆ, ಅವಳದೇನೂ ತಪ್ಪಿಲ್ಲ.

ಹಂತ 3: ಜಾಗ ಮತ್ತು ಹೊತ್ತು

ದೇವಸ್ಥಾನದ ಜಗುಲಿ ಬೇಡ. ಮುಟ್ಟಾದ ಹುಡುಗಿ ಬರುವುದಿಲ್ಲ, ಬೇರೆ ಧರ್ಮದವಳು ಬರುವುದಿಲ್ಲ, ಕೆಲವು ಊರುಗಳಲ್ಲಿ ದಲಿತ ಹುಡುಗಿ ಹತ್ತುವಂತೆಯೇ ಇಲ್ಲ. ಅರಳಿಕಟ್ಟೆಯ ಹತ್ತಿರದ ಜಾಗವೂ ಬೇಡ, ಗಂಡಸರ ಕಣ್ಣು ಕಿವಿ ಅಲ್ಲೇ ಇರುತ್ತದೆ. ಮಕ್ಕಳು ಮನೆಗೆ ಹೋದ ಮೇಲಿನ ಅಂಗನವಾಡಿ, ಭಾನುವಾರದ ಶಾಲೆ, ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ಇವು ಒಳ್ಳೆಯವು. ಬಾಗಿಲು ಹಾಕಿಕೊಳ್ಳುವಂತಿರಬೇಕು, ಶೌಚಾಲಯ ಇರಬೇಕು.

ಹೊತ್ತು ಗೊತ್ತುಮಾಡುವಾಗ ಹುಡುಗಿಯರ ದಿನಚರಿ ನೋಡಿ. ಬೆಳಿಗ್ಗೆ ಸಂಜೆ ಹಾಲು ಕರೆದು ಡೈರಿಗೆ ಹಾಕುವ ಹೊತ್ತು ಬೇಡ. ಗಾರ್ಮೆಂಟ್ಸ್‌ನವರಿಗೆ ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲ, ಆ ಭಾನುವಾರವೂ ಬಟ್ಟೆ ಒಗೆಯುವುದು, ನೀರು ತುಂಬುವುದರಲ್ಲೇ ಹೋಗುತ್ತದೆ. ಹಾಗಾಗಿ ಮಧ್ಯಾಹ್ನ ಎರಡರಿಂದ ನಾಲ್ಕು ಅವರಿಗೆ ಹೊಂದುತ್ತದೆ. ನಾಲೆ ಬಯಲಿನಲ್ಲಿ ನಾಟಿ ಶುರುವಾದ ವಾರಗಳಲ್ಲಿ, ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬಿಡಿಸಿ ಬೇಯಿಸುವ ದಿನಗಳಲ್ಲಿ ಹೊಸ ಗುಂಪು ಶುರು ಮಾಡಬೇಡಿ. ಯಾವ ಕಾಲದಲ್ಲಾದರೂ ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರಿರಬೇಕು. ಒಬ್ಬಳು ಒಂದು ದಿನ ತಡವಾಗಿ ಮನೆಗೆ ಹೋದರೆ ಮರುವಾರ ನಾಲ್ಕು ಮನೆಯವರು ಕಳಿಸುವುದಿಲ್ಲ.

ಹಂತ 4: ಮನೆಯವರ ಒಪ್ಪಿಗೆ

ಮನೆ ಮನೆಗೆ ಹೋಗಿ. ತಾಯಿಯ ಜೊತೆ ಮಾತಾಡಿ ಬಂದರೆ ಸಾಲದು, ತೀರ್ಮಾನ ಮಾಡುವವರು ಯಾರೋ ಅವರ ಜೊತೆಯೂ ಮಾತಾಡಬೇಕು. ಸೊಸೆಯನ್ನು ಕಳಿಸುವುದಾದರೆ ಅತ್ತೆ. "ಮಾನಸಿಕ" ಎಂಬ ಮಾತು ಕೇಳಿದ ಕೂಡಲೇ "ನಮ್ಮ ಹುಡುಗೀಗೆ ಹುಚ್ಚು ಹಿಡಿದಿಲ್ಲ" ಎನ್ನುತ್ತಾರೆ. ಮದುವೆ ಸಂಬಂಧ ತಪ್ಪೀತು ಎಂಬ ಭಯ ಅದರ ಹಿಂದಿದೆ. ಹಾಗೆಂದು ಸುಳ್ಳು ಹೇಳುವುದೂ ಬೇಡ. ಹೀಗೆ ಹೇಳಿ ನೋಡಿ: "ಅಮ್ಮ, ವಾರಕ್ಕೆ ಎರಡು ಗಂಟೆ ಹೆಣ್ಣುಮಕ್ಕಳೆಲ್ಲ ಕೂತ್ಕೊಂಡು ಆರೋಗ್ಯ, ಮನಸ್ಸಿನ ನೆಮ್ಮದಿ, ಕಷ್ಟ ಬಂದ್ರೆ ಹೆಂಗೆ ಯೋಚಿಸ್ಬೇಕು ಅಂತ ಕಲೀತೀವಿ. ಬರೀ ಹೆಣ್ಣುಮಕ್ಕಳೇ ಇರ್ತೀವಿ. ನೀವೂ ಒಂದು ದಿನ ಬಂದು ನೋಡ್ಬಹುದು." ಅವರು ಬಂದು ನೋಡುವ ದಿನ ಹಾಡು, ಆಟದ ದಿನವಾಗಿರಲಿ, ಕಷ್ಟ ಹಂಚಿಕೊಳ್ಳುವ ದಿನ ಬೇಡ.

18 ತುಂಬದವರಿಗೆ ತಂದೆ ತಾಯಿಯ ಸಹಿ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ ಒಂದು ಪುಟ ಮೀರದಿರಲಿ, ಓದಿ ಹೇಳಿ ಸಹಿ ಹಾಕಿಸಿ. ಹುಡುಗಿಯನ್ನು ಬೇರೆಯಾಗಿ ಕೇಳಿ. ಅಪ್ಪ ಒಪ್ಪಿದ ಮಾತ್ರಕ್ಕೆ ಅವಳು ಒಪ್ಪಿದ ಹಾಗಲ್ಲ. ಹೊಲಿಗೆ ಮಿಷನ್, ಸಾಲ, ಕೆಲಸ ಕೊಡಿಸುತ್ತೇವೆಂದು ಆಸೆ ತೋರಿಸಬೇಡಿ.

ಹಂತ 5: ಮೊದಲ ಸಭೆ, ಗುಟ್ಟಿನ ನಿಯಮ

ಮೊದಲ ದಿನ ಕಷ್ಟದ ಮಾತೇ ಬೇಡ. ಹೆಸರು, ಆಟ, ಟೀ, ನಿಯಮ, ಇಷ್ಟೇ. ನಿಯಮಗಳನ್ನು ಹುಡುಗಿಯರಿಂದಲೇ ಹೇಳಿಸಿ ಚಾರ್ಟಿನಲ್ಲಿ ಬರೆಯಿರಿ. "ಇಲ್ಲಿ ಆಡಿದ್ದು ಹೊರಗೆ ಹೋಗಬಾರದು" ಎಂಬುದು ತಾನಾಗಿಯೇ ಬರುತ್ತದೆ.

ಆ ಮಾತಿಗೆ ಮಿತಿ ಇದೆ ಎಂದೂ ಅಂದೇ ಹೇಳಿ. ಯಾರಾದರೂ ಪ್ರಾಣ ಕಳೆದುಕೊಳ್ಳುವ ಅಪಾಯ ಇದ್ದರೆ, ಇನ್ನೊಬ್ಬರ ಪ್ರಾಣಕ್ಕೆ ಅಪಾಯ ಇದ್ದರೆ, 18 ತುಂಬದವಳ ಮೇಲೆ ಲೈಂಗಿಕ ದೌರ್ಜನ್ಯ ಆಗುತ್ತಿದ್ದರೆ, ಗುಟ್ಟು ಇಟ್ಟುಕೊಳ್ಳಲು ಆಗುವುದಿಲ್ಲ. ಮೂರನೆಯದಕ್ಕೆ ಕಾನೂನೇ ಇದೆ: 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 18ಕ್ಕೆ ಮೊದಲೇ ಮದುವೆಯಾದವಳಿಗೂ ಈ ಕಾಯ್ದೆ ಅನ್ವಯಿಸುತ್ತದೆ. ನಿಮ್ಮ ಗುಂಪಿಗೆ ಅಂಥ ಹುಡುಗಿ ಬರುವಂತಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ಜೊತೆ ಮೊದಲೇ ಮಾತಾಡಿಕೊಳ್ಳಿ. "ಯಾರಿಗೂ ಹೇಳಲ್ಲ, ಆಣೆ" ಎಂದು ಮಾತು ಕೊಟ್ಟು ಆಮೇಲೆ ಮುರಿದರೆ ಆ ಹುಡುಗಿ ಮುಂದೆ ಯಾರನ್ನೂ ನಂಬುವುದಿಲ್ಲ.

ಎರಡನೇ ವಾರ ಒಂದು ಅಳತೆ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಪಟ್ಟಿ ಇದಕ್ಕೆ ಸಾಕು. ಕಳೆದ ಎರಡು ವಾರದಲ್ಲಿ ಮನಸ್ಸು ಖುಷಿಯಾಗಿತ್ತಾ, ನೆಮ್ಮದಿಯಾಗಿತ್ತಾ, ಮೈಯಲ್ಲಿ ಚುರುಕು ಇತ್ತಾ, ಬೆಳಿಗ್ಗೆ ಏಳುವಾಗ ನಿದ್ದೆಯಾದ ಹಾಗೆ ಹಗುರ ಇತ್ತಾ, ದಿನದಲ್ಲಿ ಇಷ್ಟವಾಗುವಂಥದ್ದು ಏನಾದರೂ ಇತ್ತಾ. ಒಂದೊಂದಕ್ಕೂ 0 (ಒಮ್ಮೆಯೂ ಇರಲಿಲ್ಲ) ಇಂದ 5 (ಯಾವಾಗಲೂ ಇತ್ತು) ಅಂಕ, ಒಟ್ಟು 25. ಮೊತ್ತ 13ಕ್ಕಿಂತ ಕಡಿಮೆ ಬಂದರೆ ಆ ಹುಡುಗಿಯ ಜೊತೆ ಪ್ರತ್ಯೇಕವಾಗಿ ಕೂತು ಮಾತಾಡಿ. ಇದು ರೋಗ ಪತ್ತೆ ಅಲ್ಲ, "ಇವಳನ್ನು ಗಮನಿಸು" ಎಂಬ ಸೂಚನೆ ಮಾತ್ರ. ಓದಲು ಬಾರದವರಿಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ. ಗುಂಪಿನ ಮಧ್ಯೆ ಕೈ ಎತ್ತಿಸಿದರೆ ಎಲ್ಲರಿಗೂ ಐದಕ್ಕೆ ಐದೇ ಬರುತ್ತದೆ.

ಹಂತ 6: ಹದಿನಾರು ವಾರದ ಪಾಠ

ಪ್ರತಿ ಸಭೆ ಎರಡು ಗಂಟೆ. ಮೊದಲ 15 ನಿಮಿಷ "ಈ ವಾರ ಹೆಂಗಿತ್ತು" ಎಂದು ಒಂದು ಸುತ್ತು. 15 ನಿಮಿಷ ಓಡಾಡುವ ಆಟ. ಒಂದು ಗಂಟೆ ಹೊಸ ವಿಷಯ, ಅದರಲ್ಲಿ ಅರ್ಧ ಹೊತ್ತು ಇಬ್ಬಿಬ್ಬರಾಗಿ ಅಭ್ಯಾಸ. ಉಳಿದದ್ದು ಟೀ, ಮುಂದಿನ ವಾರಕ್ಕೆ ಒಂದು ಸಣ್ಣ ಕೆಲಸ. ಆಟವನ್ನು ಹಗುರವಾಗಿ ನೋಡಬೇಡಿ. ಮೈನೆರೆದ ಮೇಲೆ ಕುಂಟೆಬಿಲ್ಲೆಗೂ ಬಿಡದೆ ಕೂರಿಸಿದ ಹುಡುಗಿಯರು ಇವರು. ಎಷ್ಟೋ ಜನ ಆಟಕ್ಕಾಗಿಯೇ ಬರುತ್ತಾರೆ, ಪಾಠ ಆಮೇಲೆ ಹಿಡಿಸುತ್ತದೆ.

*1ರಿಂದ 3ನೇ ವಾರ:* ಪರಿಚಯ, ನಿಯಮ, ಅಳತೆ, ಪ್ರತಿಯೊಬ್ಬಳೂ ತನಗೆ ಚೆನ್ನಾಗಿ ಬರುವ ಮೂರು ಕೆಲಸ ಹೇಳುವುದು. "ನಂಗೇನೂ ಬರಲ್ಲ ಕಣಕ್ಕ" ಎಂದೇ ಶುರು ಮಾಡುತ್ತಾರೆ. ಪಕ್ಕದವಳಿಂದ ಹೇಳಿಸಿ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಹೆಣ್ಣು ಬೇಡ ಎಂಬ ಮಾತನ್ನು ಕೇಳುತ್ತಲೇ ಬೆಳೆದವರಿಗೆ ತಮ್ಮ ಬೆಲೆಯನ್ನು ತಮ್ಮ ಬಾಯಲ್ಲೇ ಹೇಳುವುದು ಸಣ್ಣ ಕೆಲಸವಲ್ಲ. ಅವಸರ ಮಾಡಬೇಡಿ.

*4ರಿಂದ 7: ಮನಸ್ಸು ಮತ್ತು ಮೈ.* "ನಿಮಗೇನನ್ನಿಸುತ್ತೆ" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ದೇಹದಿಂದ ಶುರು ಮಾಡಿ. ನಾಲ್ಕು ಚಾರ್ಟ್ ಹಾಳೆ ಅಂಟಿಸಿ ಅದರ ಮೇಲೆ ಒಬ್ಬಳನ್ನು ಮಲಗಿಸಿ, ಸ್ಕೆಚ್ ಪೆನ್ನಿನಲ್ಲಿ ಸುತ್ತ ಗೆರೆ ಎಳೆಯಿರಿ. ಅವಳು ಎದ್ದ ಮೇಲೆ ಆ ಆಕಾರದಲ್ಲಿ ಎಲ್ಲರೂ ತುಂಬಲಿ: ಸಿಟ್ಟು ಬಂದಾಗ ಎಲ್ಲಿ, ಭಯವಾದಾಗ ಎಲ್ಲಿ, ದುಃಖವಾದಾಗ ಎಲ್ಲಿ? "ಎದೆ ಡವಡವ ಅಂತದೆ", "ಹೊಟ್ಟೇಲಿ ಸಂಕಟ", "ಕೈಕಾಲು ಜೋಮು", "ತಲೆ ಭಾರ", "ಗಂಟಲು ಕಟ್ಟತದೆ", ಹೀಗೆ ಒಂದೊಂದಾಗಿ ಬಂದು ಅರ್ಧ ಗಂಟೆಯಲ್ಲಿ ಹಾಳೆ ತುಂಬುತ್ತದೆ. ಅವರದೇ ಮಾತುಗಳನ್ನು ಹಾಗೇ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಬೇಡಿ. ಮುಂದಿನ ವಾರಗಳಲ್ಲಿ ಇದೇ ಮಾತುಗಳಿಂದ ಕಲಿಸಬಹುದು.

ಉಸಿರಾಟ: ಬೆನ್ನು ನೇರ, ಒಂದು ಕೈ ಹೊಟ್ಟೆಯ ಮೇಲೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಐದು ನಿಮಿಷ. ದಿನಕ್ಕೆ ಎರಡು ಸಲ. ನೆಮ್ಮದಿಯಾಗಿರುವಾಗಲೇ ರೂಢಿ ಮಾಡಿಕೊಂಡಿದ್ದರೆ ಮಾತ್ರ ಗಾಬರಿಯಾದಾಗ ಕೈಗೆ ಸಿಗುತ್ತದೆ. ಕಣ್ಣು ಮುಚ್ಚಲು ಒತ್ತಾಯಿಸಬೇಡಿ. ದೌರ್ಜನ್ಯ ಅನುಭವಿಸಿದವಳಿಗೆ ಕಣ್ಣು ಮುಚ್ಚಿದರೆ ಭಯ ಹೆಚ್ಚಾಗಬಹುದು. ಅಂಥವಳಿಗೆ ಕಣ್ಣು ತೆರೆದು ಕಾಣುವ ಐದು ವಸ್ತು, ಕೇಳುವ ನಾಲ್ಕು ಸದ್ದು, ಮುಟ್ಟಬಹುದಾದ ಮೂರು ವಸ್ತು ಎಣಿಸಲು ಹೇಳಿ.

ಮನಸ್ಸು ಕುಗ್ಗಿದಾಗ ಏನೂ ಮಾಡಬೇಕೆನಿಸುವುದಿಲ್ಲ, ಮಾಡದಿದ್ದರೆ ಇನ್ನೂ ಕುಗ್ಗುತ್ತದೆ. ಈ ಸುತ್ತು ಮುರಿಯಲು ದಿನಕ್ಕೊಂದು ಸಣ್ಣ ಕೆಲಸ: ಗೆಳತಿಯ ಮನೆಗೆ ಹತ್ತು ನಿಮಿಷ, ಬಾಗಿಲಿಗೆ ಹೊಸ ರಂಗೋಲಿ, ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳುವುದು. ಮನಸ್ಸು ಬರಲಿ ಎಂದು ಕಾಯದೆ ಹೊತ್ತು ಗೊತ್ತುಮಾಡಿ ಮಾಡಬೇಕು.

*8ರಿಂದ 11: ಸಮಸ್ಯೆ ಬಿಡಿಸುವುದು.* ಈ ನಾಲ್ಕು ವಾರಗಳನ್ನು ಯಾವ ಕಾರಣಕ್ಕೂ ಕಡಿತ ಮಾಡಬೇಡಿ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ತೋರಿಸಿ. ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದ ಹುಡುಗಿ, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ ಎಂದಿಟ್ಟುಕೊಳ್ಳಿ.

ಮೊದಲು ಸಮಸ್ಯೆಯನ್ನು ಒಂದು ಸಾಲಿನಲ್ಲಿ ಬರೆಯಬೇಕು. "ನನ್ನ ಹಣೆಬರಹವೇ ಸರಿಯಿಲ್ಲ" ಎಂದು ಬರೆದರೆ ಬಿಡಿಸಲು ಬರುವುದಿಲ್ಲ. "ಇಂಗ್ಲಿಷ್ ಪಾಸಾಗುವವರೆಗೆ ಮದುವೆ ಮಾತು ನಿಲ್ಲಿಸಬೇಕು" ಎಂದರೆ ಬಿಡಿಸಬಹುದು. ಎರಡನೆಯದು, ನನ್ನ ಕೈಲಿರುವುದು, ಇಲ್ಲದ್ದು ಎಂದು ಎರಡು ಪಟ್ಟಿ. ಮೂರನೆಯದು, ಆಗುವ ಹೋಗುವ ಎಲ್ಲ ದಾರಿ, ಕನಿಷ್ಠ ಐದು: ಅದೇ ವರ್ಷ ಮರುಪರೀಕ್ಷೆಗೆ ಕಟ್ಟುವುದು, ಕಾಲೇಜಿನ ಮೇಡಂ ಕೈಲಿ ಅಪ್ಪನಿಗೆ ಹೇಳಿಸುವುದು, ಸೋದರಮಾವನ ಸಹಾಯ ಕೇಳುವುದು, ಕೆಲಸಕ್ಕೆ ಹೋಗಿ ಫೀಸು ತಾನೇ ಕಟ್ಟುವುದು, ಸುಮ್ಮನಿರುವುದು. ಈ ಹಂತದಲ್ಲಿ ಯಾವುದನ್ನೂ ತಳ್ಳಿಹಾಕಬಾರದು. ನಾಲ್ಕನೆಯದು, ಒಂದೊಂದರ ಒಳಿತು ಕೆಡುಕು. ಐದನೆಯದು, ಒಂದನ್ನು ಆರಿಸಿ ಯಾವ ದಿನ, ಯಾರ ಜೊತೆ, ಮೊದಲ ಮಾತು ಏನು ಎಂಬಷ್ಟು ವಿವರವಾಗಿ ಬರೆಯುವುದು. ಮರುವಾರ ಬಂದು ಏನಾಯಿತು ಹೇಳುವುದು. ಆಗದಿದ್ದರೆ ಎರಡನೇ ದಾರಿ. ಆ ಹುಡುಗಿಗೆ 18 ತುಂಬಿಲ್ಲದಿದ್ದರೆ 1098 ಕೂಡ ಪಟ್ಟಿಯಲ್ಲಿರಲಿ. ಬಾಲ್ಯವಿವಾಹ ತಡೆಯಲು ಕಾನೂನಿದೆ.

ಇಲ್ಲಿ ಅಕ್ಕಂದಿರು ಎಡವುವುದು ಒಂದೇ ಕಡೆ: ಮೂರನೇ ಹೆಜ್ಜೆಗೇ ತಾವೇ ಉತ್ತರ ಹೇಳಿಬಿಡುತ್ತಾರೆ. ದಾರಿ ಹುಡುಗಿಯೇ ಆರಿಸಬೇಕು.

*12ರಿಂದ 14: ಮಾತಾಡುವುದು, ಬೇಡ ಎನ್ನುವುದು.* ಮೂರು ವಾಕ್ಯದ ಅಭ್ಯಾಸ ಮಾಡಿಸಿ. ಏನಾಯಿತು, ನನಗೇನಾಯಿತು, ನನಗೇನು ಬೇಕು. ಗಾರ್ಮೆಂಟ್ಸ್‌ಗೆ ಹೋಗುವವಳು ಸೂಪರ್‌ವೈಸರ್‌ಗೆ ಹೀಗೆ ಹೇಳಬಹುದು: "ಮೇಡಂ, ಎಲ್ಲರ ಮುಂದೆ ಬೈದ್ರಿ. ನಂಗೆ ಕೈ ನಡುಗಿ ಇನ್ನೂ ಪೀಸ್ ಕೆಟ್ಟೋಯ್ತು. ತಪ್ಪಾದ್ರೆ ಪಕ್ಕಕ್ಕೆ ಕರೆದು ಹೇಳಿ." ನಾಟಕದ ಹಾಗೆ ಆಡಿಸಿ, ಪಾತ್ರ ಅದಲು ಬದಲು ಮಾಡಿ.

ಎಚ್ಚರಿಕೆ: ಹೊಡೆಯುವ ಗಂಡನ, ಅಪ್ಪನ ಮುಂದೆ ಇದನ್ನು ಪ್ರಯೋಗ ಮಾಡು ಎಂದು ಎಂದೂ ಹೇಳಬೇಡಿ, ಅಪಾಯ ಹೆಚ್ಚಾಗುತ್ತದೆ. ಅಂಥವಳಿಗೆ ಬೇಕಾದ್ದು ಸುರಕ್ಷತೆಯ ಯೋಜನೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಾರ್ಕ್ಸ್ ಕಾರ್ಡು, ಮಗುವಿನ ತಾಯಿ ಕಾರ್ಡು, ಇವುಗಳ ಜೆರಾಕ್ಸ್ ನಂಬಿಕೆಯವರ ಮನೆಯಲ್ಲಿ. ಗಲಾಟೆ ಶುರುವಾದರೆ ಯಾವ ಮನೆಗೆ ಓಡಬೇಕು ಎಂಬುದು ಮೊದಲೇ ನಿಶ್ಚಯ. 112, 181 ಬಾಯಿಪಾಠ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯಡಿ ದೂರು ಕೊಡಲು ಸಿಡಿಪಿಒ ಕಚೇರಿಯಲ್ಲಿ ವಿಚಾರಿಸಬಹುದು. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ.

*15 ಮತ್ತು 16:* ಮುಂದಿನ ಆರು ತಿಂಗಳ ಯೋಜನೆ, ಅದೇ ಐದು ಪ್ರಶ್ನೆಗಳ ಅಳತೆ ಮತ್ತೊಮ್ಮೆ, ಒಂದು ಸಣ್ಣ ಹಬ್ಬ. ಅಳತೆಯ ಅಂಕವನ್ನು 4ರಿಂದ ಗುಣಿಸಿ ನೂರಕ್ಕೆ ಲೆಕ್ಕ ಹಾಕಿ. ಹತ್ತು ಅಥವಾ ಹೆಚ್ಚು ಏರಿದ್ದರೆ ಅದು ನಿಜವಾದ ಸುಧಾರಣೆ.

ಹಂತ 7: ಗುಂಪು ಸಾಲದು ಎಂದು ತಿಳಿಯುವುದು ಯಾವಾಗ?

ಎರಡು ವಾರಕ್ಕೂ ಹೆಚ್ಚು ದಿನ ದುಃಖ ಇಳಿಯದೆ ಊಟ, ನಿದ್ದೆ, ಕೆಲಸ ಕೆಟ್ಟಿದ್ದರೆ, ಯಾರಿಗೂ ಕೇಳದ ದನಿ ಅವಳಿಗೆ ಕೇಳುತ್ತಿದ್ದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಹೆರಿಗೆಯಾದ ಮೇಲೆ ಮಗುವನ್ನೇ ನೋಡಲೊಲ್ಲದಿದ್ದರೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬರೀ ಸುಸ್ತು, ಏದುಸಿರು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬಸುರಿಯಲ್ಲದ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಅದನ್ನೂ ಥೈರಾಯ್ಡ್ ತೊಂದರೆಯನ್ನೂ ಮನಸ್ಸಿನ ಕಾಯಿಲೆ ಎಂದುಕೊಳ್ಳುವುದು ಸಾಮಾನ್ಯ.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ: "ಪ್ರಾಣ ಕಳ್ಕೋಬೇಕು ಅಂತ ಯೋಚನೆ ಬಂದಿದೆಯಾ? ಹೆಂಗೆ ಅಂತ ಯೋಚಿಸಿದ್ದೀಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದ್ದೇ ಎಷ್ಟೋ ಜನಕ್ಕೆ ಬಿಡುಗಡೆ. "ಹೌದು" ಎಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅವಳ ಎದುರಿಗೇ 14416ಕ್ಕೆ ಫೋನ್ ಮಾಡಿ, ಅಂದೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಬೀಗ ಹಾಕಿಸಿ ಅಥವಾ ಬೇರೆ ಮನೆಗೆ ಸಾಗಿಸಿ. ಕೆಟ್ಟ ಗಳಿಗೆ ದಾಟಿಸುವುದರಲ್ಲಿ ಈ ಒಂದು ಕೆಲಸದ ಪಾಲು ದೊಡ್ಡದು.

ಆತ್ಮಹತ್ಯೆಗೆ ಯತ್ನಿಸಿದವರನ್ನು ಪೊಲೀಸ್ ಕೇಸಿನ ಭಯಕ್ಕೆ ಮನೆಯಲ್ಲೇ ಇಟ್ಟುಕೊಂಡು ಉಪ್ಪುನೀರು ಕುಡಿಸುವವರಿದ್ದಾರೆ. ಕುಡಿಸಬೇಡಿ, ತಕ್ಷಣ ಆಸ್ಪತ್ರೆಗೆ ಸೇರಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ.

"ಗಾಳಿ ಸೋಕಿದೆ, ಮೈಮೇಲೆ ಬರುತ್ತೆ" ಎನ್ನುವ ಮನೆಯವರ ಜೊತೆ ವಾದ ಬೇಡ. "ಹರಕೆ ನಿಮ್ಮ ಪಾಡಿಗೆ ಇರಲಿ, ಡಾಕ್ಟ್ರಿಗೂ ತೋರಿಸೋಣ" ಎನ್ನಿ. ಆದರೆ ಹೊಡೆಯುವುದು, ಕಟ್ಟಿಹಾಕುವುದು, ಉಪವಾಸ ಕೆಡವುವುದು ನಡೆದರೆ ಸುಮ್ಮನಿರಬೇಡಿ, 112ಕ್ಕೆ ತಿಳಿಸಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರವಾದರೂ ಬೇಕು, ವಾಸಿಯಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮೊದಲ ತಿಂಗಳು ಇದನ್ನು ನೆನಪಿಸುವುದು ಅಕ್ಕನ ಕೆಲಸ.

ಹಂತ 8: ಗುಂಪಿನಿಂದ ಊರಿಗೆ

ಬಸ್‌ಸ್ಟಾಪಿನಲ್ಲಿ ಚುಡಾಯಿಸುವವರಿದ್ದರೆ, ಬೀದಿ ದೀಪ ಇಲ್ಲದಿದ್ದರೆ ಉಸಿರಾಟದ ಅಭ್ಯಾಸವೊಂದರಿಂದ ಭಯ ಹೋಗುವುದಿಲ್ಲ. ಹನ್ನೆರಡನೇ ವಾರದ ಹೊತ್ತಿಗೆ ಹುಡುಗಿಯರೇ ಒಂದು ಬೇಡಿಕೆ ಆರಿಸಿ ಅರ್ಜಿ ಬರೆಯಲಿ, ಮಹಿಳಾ ಗ್ರಾಮಸಭೆಯಲ್ಲಿ ಓದಲಿ, ಪಂಚಾಯಿತಿಯಿಂದ ಸ್ವೀಕೃತಿ ಸಹಿ ಪಡೆಯಲಿ. ದೀಪ ಬರಲು ಆರು ತಿಂಗಳಾಗಬಹುದು. ಅಷ್ಟರಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಂದೆ ನಿಂತು ಮಾತಾಡಿದ ಹುಡುಗಿ ಅತ್ತೆ ಮನೆಯಲ್ಲೂ ಮಾತಾಡುತ್ತಾಳೆ. ಜೊತೆಗೆ ಸ್ವಂತ ಹೆಸರಿನ ಬ್ಯಾಂಕ್ ಖಾತೆ, ತಿದ್ದುಪಡಿಯಾಗಬೇಕಾದ ಆಧಾರ್, ಬಿಟ್ಟುಹೋದ ಪರೀಕ್ಷೆಯ ಅರ್ಜಿ, ಇವನ್ನು ಗುಂಪಾಗಿ ಹೋಗಿ ಮುಗಿಸಿ.

ಹದಿನಾರು ವಾರ ಮುಗಿದ ಮೇಲೆ ಒಮ್ಮೆಲೇ ಬಿಡಬೇಡಿ. ಆರು ತಿಂಗಳು ತಿಂಗಳಿಗೊಮ್ಮೆ ಸೇರಿ. ಬರುವುದು ನಿಲ್ಲಿಸಿದವಳ ಮನೆಗೆ ಒಬ್ಬರು ಹೋಗಿ ಬನ್ನಿ. ಮುಂದಿನ ತಂಡಕ್ಕೆ ಇದೇ ಗುಂಪಿನಿಂದ ಇಬ್ಬರನ್ನು ಸಹಾಯಕ್ಕೆ ಸೇರಿಸಿಕೊಂಡು ತರಬೇತಿ ಕೊಡಿ. ಪೆಟ್ಟಿಗೆಯಲ್ಲಿರುವ ನೋಟ್‌ಬುಕ್‌ಗಳನ್ನು ಅವರವರಿಗೇ ಕೊಟ್ಟು, ಮನೆಗೆ ಒಯ್ಯಬೇಕೋ ಅಲ್ಲೇ ಸುಡಬೇಕೋ ಎಂದು ಒಬ್ಬೊಬ್ಬಳನ್ನೇ ಕೇಳಿ, ಅವಳು ಹೇಳಿದಂತೆ ಮಾಡಿ.